ವಿಮಾನ ಇಳಿಯುವ ಕುರಿಬಯಲು

ವಿಲಾಯತಿಗೆ ಹೋಗಿ ಬಂದೆನೆಂಬ ತಪ್ಪಿಗೆ ಧಾರವಾಡದ ಹೆಂಗಸರು ನನ್ನನ್ನು ಇನ್ನೂ ಬಿಟ್ಟಿಲ್ಲ. ಅರಿಷಿಣ-ಕುಂಕುಮಕ್ಕೆ ಹೋದಲ್ಲೆಲ್ಲ ಅದೇ ಪ್ರಶ್ನೆ. “ರಾಜನ ಅರಮನಿ ಹೆಂಗೈತಿ ನೀಲವ್ವಾ? ರಾಣಿ ಕಂಡ್ಲೇನು?” ಅರಮನೆಯನ್ನೂ ನೋಡಲಿಲ್ಲ, ರಾಣಿಯನ್ನೂ ನೋಡಲಿಲ್ಲ ಎಂದರೆ ಮುಖ ಕಿವುಚುತ್ತಾರೆ. “ಹಂಗಾದ್ರ ಅಷ್ಟು ದೂರ ಹೋಗಿ ಏನ ನೋಡಿ ಬಂದಿ?” ಕುರಿ ನೋಡಿ ಬಂದೆ. ಹುಲ್ಲು ನೋಡಿ ಬಂದೆ. ಆ ಹುಲ್ಲಿನ ಮೇಲೆ ಇಳಿಯುವ ವಿಮಾನ ನೋಡಿ ಬಂದೆ. ಇದನ್ನೆಲ್ಲ ಕೈಯಲ್ಲಿ ಎಲೆ-ಅಡಿಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಹೇಳುವುದು ಆಗದ ಮಾತು. ಅದಕ್ಕೆ ಕುಳಿತು ಬರೆಯುತ್ತಿದ್ದೇನೆ.

ಹುಬ್ಬಳ್ಳಿ ಸ್ಟೇಶನ್ನು

ನಮ್ಮವರು ಎಂಜಿನ್ನಿನ ವಿದ್ಯೆ ಕಲಿಯಲು ವಿಲಾಯತಿಗೆ ಹೋಗಿ ಐದು ವರ್ಷವಾಗಿತ್ತು. ಅವರ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ, ಮಸಿಯಲ್ಲಿಯೂ ತರಲಾರೆ. ಕಲಿಯುವುದು ಯಾವಾಗಲೋ ಮುಗಿದಿತ್ತು. ವಾರಕ್ಕೊಂದು ಬರುತ್ತಿದ್ದ ಪತ್ರ ತಿಂಗಳಿಗೊಂದಾಯಿತು, ಆಮೇಲೆ ಹಬ್ಬಕ್ಕೊಂದು. ಎಲ್ಲದರಲ್ಲೂ ಒಂದೇ ಮಾತು: ಇಲ್ಲಿ ಹಳ್ಳಿಯಲ್ಲಿ ಒಂದು ಸಣ್ಣ ಖಾಸಗಿ ವಿಮಾನದ ಬಯಲಿದೆ, ಅದನ್ನು ನಾನೇ ನೋಡಿಕೊಳ್ಳುತ್ತೇನೆ, ಮುಂದಿನ ವರ್ಷ ಬರುತ್ತೇನೆ. ಬಯಲಿನ ಒಡತಿ ಒಬ್ಬ ಹೆಂಗಸು ಎಂದು ಒಮ್ಮೆ ಬರೆದದ್ದೇ ತಡ, ನಮ್ಮ ಓಣಿಯೆಲ್ಲ ಕತೆ ಕಟ್ಟಿತು. “ಬಿಳೀ ಹೆಂಗಸು ಮದ್ದು ಹಾಕ್ಯಾಳ” ಎಂದು ನಮ್ಮ ಅತ್ತೆಯವರು ದೇವರ ಮುಂದೆ ಕುಳಿತು ಅತ್ತರು. ನಾನು ಅಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಮದುವೆಯಾಗಿ ಜೊತೆಗಿದ್ದದ್ದು ಎರಡೇ ವರ್ಷ. ಆ ಎರಡು ವರ್ಷವನ್ನು ಐದು ವರ್ಷ ನೆನೆಸಿ ನೆನೆಸಿ ಸವೆಸಿದ್ದೆ.

ನನ್ನ ಕಾಕಾ ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರಿ. ಒಂದು ದಿನ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ: “ನಾ ಅರಳಿ ವ್ಯಾಪಾರಕ್ಕ ವಿಲಾಯತಿಗೆ ಹೊಂಟೇನಿ. ನೀಲಾನ್ನೂ ಕರಕೊಂಡು ಹೋಗತೇನಿ. ಹೇಳಿ ಕಳಿಸಿದ್ರ ಬರದಾಂವ ಹೆಂಡತಿನ್ನ ಕಣ್ಣೆದುರಿಗೆ ಕಂಡ್ರ ಹೆಂಗ ಬರೂದಿಲ್ಲ ನೋಡೂಣು.”

ಹೊರಡುವ ದಿನ ಅತ್ತೆಯವರು ಸ್ಟೇಶನ್ನಿಗೆ ಬಂದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಜೋಡಿ ಹೊಸ ಧೋತ್ರ ಕೊಟ್ಟರು. ಕೆಂಪು ದಡಿಯ ಧೋತ್ರ. “ಈ ದೀಪಾವಳಿಗೆ ಇದನ್ನ ಉಟ್ಟು ನನ್ನ ಮುಂದ ಊಟಕ್ಕ ಕುಂಡ್ರಬೇಕು ಅಂತ ಹೇಳವ್ವಾ. ಮತ್ತೇನೂ ಹೇಳಬ್ಯಾಡ” ಎಂದರು. ಗಾಡಿ ಬಿಡುವ ತನಕ ಕಿಟಕಿಯ ಸರಳು ಹಿಡಿದು ನಿಂತಿದ್ದರು.

ಹಡಗಿನಲ್ಲಿ

ಸಮುದ್ರದ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಅರ್ಧ ದಾರಿ ಹೊಟ್ಟೆ ತೊಳಸಿ ಮಲಗಿದ್ದೆ. ಕಟಕ ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು ತಿಂದರೆ ಮಾತ್ರ ಜೀವಕ್ಕೆ ಸಮಾಧಾನವಾಗುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದ ಸಾಹೇಬನ ಹೆಂಡತಿ ಇದನ್ನು ಕಂಡು ಆ ಕೆಂಪು ಪುಡಿ ಏನೆಂದು ಕೇಳಿದಳು. ಕಾಕಾ ನಗದೇ, “ಹಡಗಿನ ವಾಂತಿಗೆ ಔಷಧ” ಎಂದುಬಿಟ್ಟ. ಪಾಪ, ಆಕೆಯೂ ಹೊಟ್ಟೆ ತೊಳಸಿ ಸೊರಗಿದ್ದಳು. ಒಂದು ಚಮಚೆ ಬಾಯಿಗೆ ಹಾಕಿಕೊಂಡವಳು ಕಣ್ಣುಮೂಗಿನಲ್ಲೆಲ್ಲ ನೀರು ಸುರಿಸುತ್ತ ಓಡಿದಳು. ನಾನು ಕಾಕಾನಿಗೆ ಬೈದೆ. ಮರುದಿನ ಮುಂಜಾನೆ ಆಕೆ ಚಮಚೆ ಹಿಡಿದುಕೊಂಡು ಮತ್ತೆ ಬಂದು ನಿಂತಿದ್ದಳು!

ಹೊಟ್ಟೆ ಸುಮ್ಮನಿದ್ದ ದಿನಗಳಲ್ಲಿ ನಮ್ಮವರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಒಂದು ದಿನ ಬಯ್ಯುವ ಮಾತು, ಒಂದು ದಿನ ಅಂಗಲಾಚುವ ಮಾತು. ಅವರ ಮುಖ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ ಎಂಬುದೇ ನನ್ನ ದೊಡ್ಡ ಹೆದರಿಕೆಯಾಗಿತ್ತು. ಧ್ವನಿ ನೆನಪಿತ್ತು. ಮುಖ ಮಾತ್ರ ನೀರಿನಲ್ಲಿ ಕಂಡ ಹಾಗೆ ಅಲುಗುತ್ತಿತ್ತು.

ಹೆಸರು ಹೇಳಲಾಗದ ಸ್ಟೇಶನ್ನು

ಕಾಕಾ ತನ್ನ ಅರಳೆ ವ್ಯಾಪಾರದ ಊರಿಗೆ ಹೋಗಬೇಕಿತ್ತು. ನನ್ನನ್ನು ಬೇರೊಂದು ರೈಲಿಗೆ ಹತ್ತಿಸಿ, ತಿರುಗಿ ಹೋಗುವ ಹಡಗಿನ ಹತ್ತಿರ ಸಿಗುತ್ತೇನೆಂದು ಹೇಳಿ ಹೋದ. ಆ ರೈಲಿನಲ್ಲಿ ಆರು ಜನ ಎದುರುಬದುರು ಕುಳಿತಿದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದ ಗಾಡಿಯಲ್ಲಾದರೆ ನವಲೂರು ಬರುವುದರೊಳಗೆ ನನ್ನ ತವರು ಯಾವುದು, ಮಕ್ಕಳೆಷ್ಟು, ಯಾಕಿಲ್ಲ ಎಲ್ಲವನ್ನೂ ಕೇಳಿ ಮುಗಿಸಿ ಬುತ್ತಿ ಬಿಚ್ಚುತ್ತಿದ್ದರು. ಊರಲ್ಲಿ ಆ ಪ್ರಶ್ನೆಗಳಿಗೆ ಸಿಟ್ಟಾಗುತ್ತಿದ್ದವಳು ಇಲ್ಲಿ ಯಾರಾದರೂ ಕೇಳಲಿ ದೇವರೇ ಎಂದು ಬಯಸಿದೆ.

ಇಳಿದ ಸ್ಟೇಶನ್ನಿನಲ್ಲಿ ನನ್ನನ್ನು ಬಿಟ್ಟರೆ ಒಬ್ಬ ಮುದಿ ಸ್ಟೇಶನ್ ಮಾಸ್ತರ. ಕಾಕಾ ಮಾಡಿದ ತಂತಿ ತಲುಪಿರಲಿಲ್ಲ, ಕರೆಯಲು ಯಾರೂ ಬಂದಿರಲಿಲ್ಲ. ಯಾರ ಮನೆಗೆ ಹೋಗಬೇಕೆಂದು ಮಾಸ್ತರ ಕೇಳಿದ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮೇಲೆ ಸ್ವಲ್ಪ ಇಂಗ್ಲಿಷನ್ನೂ ಕಲಿತವಳು, ಅಷ್ಟು ತಿಳಿಯುತ್ತಿತ್ತು. ಆದರೆ ಉತ್ತರ ಹೇಗೆ ಕೊಡಲಿ? ಗಂಡ ಎಂದೆ. ಹೆಸರೇನು ಎಂದ. ಸೆರಗು ಸರಿಮಾಡಿಕೊಂಡೆ. ಗಂಡನ ಹೆಸರು ಗೊತ್ತಿಲ್ಲವೇ ಎಂದ. ಗೊತ್ತು ಎಂದೆ. ಹಾಗಾದರೆ ಹೇಳು ಎಂದ. ಕೊನೆಗೆ ಬೇರೆ ದಾರಿ ಕಾಣದೆ ಗಂಟು ಕೆಳಗಿಟ್ಟು, ಎರಡೂ ಕೈ ಚಾಚಿ, ಬುರ್ರೆಂದು ಸದ್ದು ಮಾಡುತ್ತ ನಾಲ್ಕು ಹೆಜ್ಜೆ ಓಡಿ ತೋರಿಸಿದೆ. ಸೀರೆ ಉಟ್ಟ, ವಿಭೂತಿ ಹಚ್ಚಿದ ಹೆಂಗಸು ಹೀಗೆ ಹಾರುವುದನ್ನು ಅವನು ಎಲ್ಲಿ ಕಂಡಾನು! ಬಿದ್ದು ಬಿದ್ದು ನಕ್ಕ. ಆದರೆ ಗೊತ್ತಾಯಿತು. ಹಾಲಿನ ಗಾಡಿಯೊಂದನ್ನು ನಿಲ್ಲಿಸಿ ನನ್ನನ್ನು ಕ್ಯಾನುಗಳ ನಡುವೆ ಕೂಡಿಸಿದ.

ಗಾಡಿ ಬಯಲಿನ ಗೇಟಿಗೆ ಬಂದಾಗ ಗಂಡಸಿನ ಬೂಟು ಹಾಕಿಕೊಂಡ, ಬೆನ್ನು ಬಾಗಿದ, ತಲೆಯೆಲ್ಲ ಬೆಳ್ಳಗಾದ ಒಬ್ಬ ಮುದುಕಿ ನಾಯಿಯ ಜೊತೆ ಕುರಿ ಅಟ್ಟುತ್ತಿದ್ದಳು. ಬಯಲಿನ ಒಡತಿಯ ಹೆಸರು ಮಿಸೆಸ್ ಬೆಲ್ ಎಂದು ಗಾಡಿಯವ ದಾರಿಯಲ್ಲಿ ಹೇಳಿದ್ದ. ಮಿಸೆಸ್ ಬೆಲ್ ಎಲ್ಲಿ ಎಂದು ಕೇಳಿದೆ. ನಾನೇ ಎಂದಳು. ನಾನು ಆಕೆಯ ಹಿಂದೆ ಮುಂದೆ ಇಣುಕಿದೆ, ಇನ್ನೊಬ್ಬ ಬೆಲ್ ಇದ್ದಾಳೇನೋ ಎಂದು. ಇರಲಿಲ್ಲ. ಓಣಿಯವರೆಲ್ಲ ಸೇರಿ ಕಟ್ಟಿದ ಮದ್ದಿನ ಕತೆ ಅಲ್ಲೇ ಗೇಟಿನ ಹತ್ತಿರ ಮುಗಿಯಿತು.

ಕೊಟ್ಟಿಗೆಯಂಥ ಕಟ್ಟಡದೊಳಗಿಂದ ನಮ್ಮವರು ಹೊರಗೆ ಬಂದರು. ಮೊಳಕೈವರೆಗೆ ಎಣ್ಣೆ, ಮಸಿ.

“ನೀಲಾ?”

“ಹೂಂ ರಿ. ನಾನ.”

ಕೈ ಕಪ್ಪಾಗಿದ್ದವೆಂದು ಅವನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತುಬಿಟ್ಟರು. ನಾನು ಹಡಗಿನಲ್ಲಿ ಜೋಡಿಸಿದ ಒಂದು ಮಾತೂ ನೆನಪಿಗೆ ಬರಲಿಲ್ಲ. ಹೀಗಿತ್ತಲ್ಲ ಇವರ ಮುಖ, ಇದನ್ನು ಹೇಗೆ ಮರೆತೆ ಎಂದು ಮಾತ್ರ ಅನ್ನಿಸಿತು.

ಮಿಸೆಸ್ ಬೆಲ್ಲಳ ಬಯಲು

ಬಯಲೆಂದರೆ ನನ್ನ ತವರು ಮುಗದದ ದನ ನಿಲ್ಲುವ ಬಯಲಿಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು, ಸುತ್ತ ಮುಳ್ಳಿನ ಬೇಲಿ. ನಡುವೆ ಹುಲ್ಲು ಕೆತ್ತಿ ಸುಣ್ಣದ ಕಲ್ಲು ತುಂಬಿದ ಬಿಳಿಯ ದುಂಡು ಗೆರೆ, ಮೇಲಿನಿಂದ ಬರುವವರಿಗೆ ಗುರುತು. ಒಂದು ಕಂಬದ ತುದಿಗೆ ಗಾಳಿ ಎತ್ತ ಬೀಸುತ್ತದೆಂದು ತೋರಿಸುವ ಬಟ್ಟೆಯ ಚೀಲ. ವಿಮಾನಕ್ಕೂ ಬಟ್ಟೆ ಹೊದಿಸಿದ ರೆಕ್ಕೆಗಳೇ. ಸಂಜೆಯಾದರೆ ಅವನ್ನು ಹಿಂದಕ್ಕೆ ಮಡಚಿ ಹಳೆಯ ಕೊಟ್ಟಿಗೆಯೊಳಗೆ ತಳ್ಳಿ ಬಾಗಿಲು ಹಾಕುತ್ತಿದ್ದರು. ಧಾರವಾಡದ ಮೇಲೆ ಒಮ್ಮೆ ವಿಮಾನ ಹೋದಾಗ ಊರೆಲ್ಲ ಮಾಳಿಗೆ ಹತ್ತಿ ಕೈ ಮುಗಿದಿತ್ತು. ಇಲ್ಲಿ ಅದನ್ನು ಎಮ್ಮೆಯ ಹಾಗೆ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ!

ಹುಲ್ಲು ಕತ್ತರಿಸುವ ಕೆಲಸ ಕುರಿಗಳದು. ಮೇಲೆ ಸದ್ದು ಕೇಳಿದ ಕೂಡಲೇ ಮಿಸೆಸ್ ಬೆಲ್ ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಅವನ್ನು ಬೇಲಿಯಾಚೆ ಅಟ್ಟುತ್ತಿದ್ದಳು. ಪೆಟ್ರೋಲನ್ನು ಮೆತ್ತನೆಯ ಚರ್ಮದಲ್ಲಿ ಸೋಸಿ ಸುರಿಯುವುದು, ಮುಂದಿನ ಪಂಖವನ್ನು ಕೈಯಿಂದ ತಿರುವಿ ಎಂಜಿನ್ ಎಬ್ಬಿಸುವುದು, ಕಲಿಯಲು ಬಂದ ಹುಡುಗರನ್ನು ಮೇಲೆ ಕರೆದೊಯ್ಯುವುದು, ರವಿವಾರ ಊರವರಿಗೆ ಒಂದು ಸುತ್ತು ಹಾರಿಸುವುದು, ಎಲ್ಲ ನಮ್ಮವರದೇ ಕೆಲಸ. ಮತ್ತು ಯಾರೇ ಇಳಿಯಲಿ, ದಾರಿ ತಪ್ಪಿ ಬಂದವರೇ ಇರಲಿ, ಮಿಸೆಸ್ ಬೆಲ್ಲಳ ಅಡುಗೆಮನೆಯಲ್ಲಿ ಚಹಾ ಕುಡಿಯದೆ ಮತ್ತೆ ಹಾರುವಂತಿರಲಿಲ್ಲ. ಅದು ಆ ಬಯಲಿನ ಕಾಯಿದೆ.

ಆ ಕಾಯಿದೆ ಎಲ್ಲಿಂದ ಬಂತೆಂದು ಇವರು ಹೇಳಿದರು. ಮಿಸೆಸ್ ಬೆಲ್ಲಳಿಗೆ ಒಬ್ಬನೇ ಮಗ. ದೊಡ್ಡ ಯುದ್ಧದಲ್ಲಿ ವಿಮಾನ ಹಾರಿಸುತ್ತಿದ್ದ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ತಾಯಿಯ ಕುರಿಬಯಲಲ್ಲಿ ವಿಮಾನ ಇಳಿಸಿ, ಅಡುಗೆಮನೆಗೆ ಬಂದು ಚಹಾ ಕುಡಿದು, ಮತ್ತೆ ಹಾರಿ ಹೋದ. ಆಮೇಲೆ ಬರಲಿಲ್ಲ. ಆ ಬಯಲನ್ನು ಆಕೆ ಉಳಲು ಕೊಡಲಿಲ್ಲ. ಮಗ ಇಳಿದಲ್ಲಿ ಬೇರೆಯವರ ಮಕ್ಕಳಾದರೂ ಇಳಿಯಲಿ ಎಂದು ಬಿಟ್ಟಳು. ಹೀಗೆ ಅದು ವಿಮಾನದ ಬಯಲಾಯಿತು. ನಮ್ಮವರು ಕೆಟ್ಟುನಿಂತ ಒಂದು ಎಂಜಿನ್ ರಿಪೇರಿಗೆಂದು ಬಂದವರು, ಚಹಾ ಕುಡಿದು ಅಲ್ಲಿಯೇ ಉಳಿದರು.

ಇದನ್ನು ಕೇಳಿದ ಮೇಲೆ ಯಾರೊಡನೆ ಜಗಳವಾಡಬೇಕೆಂದೇ ತಿಳಿಯದಾಯಿತು. ಆದರೂ ಆಡಿದೆ. ಆಕೆಯ ಪಾತ್ರೆಗಳಲ್ಲಿ ಮಾಂಸ ಬೆಂದಿರುತ್ತದೆಂದು ಒಲೆಯ ಬೂದಿ ಹಾಕಿ ಮೂರು ಸಲ ತಿಕ್ಕಿದೆ. ತನ್ನ ಪಾತ್ರೆ ಹೊಲಸೆಂದು ಹೇಳಿದಂತಾಯಿತೆಂದು ಆಕೆ ಮುಖ ಊದಿಸಿದಳು. ಇವರ ಹಾಸಿಗೆಯ ಚಾದರ ಯಾರು ಬದಲಿಸಬೇಕೆಂಬುದಕ್ಕೂ ನಮ್ಮಿಬ್ಬರಿಗೆ ಕಿತ್ತಾಟ. “ಇವನು ರಾತ್ರಿ ಕೆಮ್ಮುತ್ತಾನೆ, ನಿನಗೆ ಗೊತ್ತಿಲ್ಲ” ಎಂದಳು ಒಮ್ಮೆ. ಗೊತ್ತಿರಲಿಲ್ಲ. ಆ ಮಾತು ಚುಚ್ಚಿದಷ್ಟು ಇನ್ನಾವುದೂ ಚುಚ್ಚಲಿಲ್ಲ.

ಒಂದು ಸಂಜೆ ಧೋತ್ರದ ಜೋಡಿಯನ್ನು ತೆಗೆದು ಇವರ ಮುಂದಿಟ್ಟು ಅತ್ತೆಯವರ ಮಾತು ಹೇಳಿದೆ. ಕೈಯಲ್ಲಿ ಮುಟ್ಟಿ ನೋಡಲಿಲ್ಲ.

“ಇಲ್ಲೇ ಅದನ್ನ ಯಾರ ಉಡ್ತಾರ, ನೀಲಾ? ಇಟ್ಟುಬಿಡು.”

“ಬರತೀರೋ, ಇಲ್ಲೋ? ಅಷ್ಟ ಹೇಳ್ರಿ.”

“ನಾ ಹೋದ್ರ ಈ ಬಯಲು ಮುಚ್ಚತೈತಿ. ಆಕೀಗೆ ಮತ್ಯಾರೂ ಇಲ್ಲ. ಮತ್ತ ಅಲ್ಲಿ ಬಂದು ನಾ ಏನ ಮಾಡ್ಲಿ? ಹುಬ್ಬಳ್ಳಿ ಗಿರಣ್ಯಾಗ ಎಂಜಿನ್ ಮುಂದ ಕುಂಡ್ರೂದು? ವಿಮಾನ ಇಳಸಾಕ ನಮ್ಮ ಕಡೆ ಜಾಗಾನ ಇಲ್ಲ.”

“ಯಾಕಿಲ್ಲ? ಅಮರಗೋಳದಾಗ ಕಾಕಾನ ಯರಿ ಹೊಲ ಐತಿ, ಇಳಸ್ರಿ. ಮಳಿಗಾಲದಾಗ ಗಾಲಿ ಹುಗದ್ರ ಎತ್ತು ಹೂಡಿ ಎಳಿಯೂಣು!”

ನಗಿಸಲೆಂದು ಹೇಳಿದೆ. ನಗಲಿಲ್ಲ. “ಅಲ್ಲಿ ನನಗೇನೈತಿ?” ಎಂದು ಮತ್ತೆ ಅಂದರು.

“ಅಲ್ಲಿ ನಾ ಇದ್ದೇನಿ” ಎಂದೆ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನಿತ್ತು? ಅವರು ಎದ್ದು ಕೊಟ್ಟಿಗೆಯ ಬಾಗಿಲು ಹಾಕಿದೆನೋ ಇಲ್ಲವೋ ನೋಡುತ್ತೇನೆಂದು ಹೊರಗೆ ಹೋದರು.

ಧೋತ್ರ ಒಣಹಾಕಿದ ದಿನ

ಹಡಗಿನ ಪೆಟ್ಟಿಗೆಯಲ್ಲಿ ಆ ಧೋತ್ರಗಳಿಗೆ ಮುಗ್ಗಲು ವಾಸನೆ ಬಂದಿತ್ತು. ಉಡದಿದ್ದರೆ ಬಿಡಲಿ, ಅತ್ತೆಯವರಿಗೆ ಮುಗ್ಗಲು ಧೋತ್ರ ತಿರುಗಿ ಕೊಡಲೇ ಎಂದು ಒಂದು ಮುಂಜಾನೆ ಒಗೆದೆ. ಆ ದಿನ ಅಪರೂಪಕ್ಕೆ ಛಲೋ ಬಿಸಿಲು ಬಿದ್ದಿತ್ತು. ಇವರು ಯಾರನ್ನೋ ಪಕ್ಕದ ಪಟ್ಟಣಕ್ಕೆ ಬಿಟ್ಟು ಬರಲು ವಿಮಾನ ತೆಗೆದುಕೊಂಡು ಹೋಗಿದ್ದರು.

ಒಣಹಾಕುವ ಜಾಗದ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಬಂದ ದಿನದಿಂದ ನೋಡುತ್ತಿದ್ದೆ, ಬಯಲಿನ ಹುಲ್ಲಿನ ಮೇಲೆ ಎರಡು ಉದ್ದನೆಯ ಬಿಳಿ ಬಟ್ಟೆ ಸದಾ ಹಾಸಿರುತ್ತಿದ್ದವು. ಒಣಗಿದ ಬಟ್ಟೆ ಎತ್ತಿಡುವ ಪರಿವೆಯೂ ಈ ಮುದುಕಿಗಿಲ್ಲವಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಆ ಮುಂಜಾನೆ ಕುರಿಗಳು ಅವುಗಳ ಮೇಲೆ ಹಿಕ್ಕೆ ಹಾಕಿ ತುಳಿದಿದ್ದವೆಂದು ಮಿಸೆಸ್ ಬೆಲ್ ಅವನ್ನು ಒಳಗೆ ತಂದು ತೊಳೆಯುತ್ತಿದ್ದಳು. ಜಾಗ ಖಾಲಿಯಾಯಿತು, ಒಳ್ಳೆಯದೇ ಆಯಿತೆಂದು ನಾನು ಹೋಗಿ ಒಂದು ಧೋತ್ರವನ್ನು ಉದ್ದಕ್ಕೆ ಹಾಸಿದೆ. ಎರಡನೆಯದಕ್ಕೆ ಪಕ್ಕದಲ್ಲಿ ಜಾಗ ಶುದ್ಧವಿರಲಿಲ್ಲ, ಹಿಕ್ಕೆ. ಮೊದಲನೆಯದರ ಇಳಿಜಾರಿನ ಕಡೆಯ ತುದಿಗೆ ಅಡ್ಡ ಹಾಸಿದೆ. ನಾಲ್ಕು ಮೂಲೆಗೆ ಕಲ್ಲಿಟ್ಟು ಒಳಗೆ ಬಂದೆ.

ಸ್ವಲ್ಪ ಹೊತ್ತಿಗೆ ಮೇಲೆ ಸದ್ದು. ಮಿಸೆಸ್ ಬೆಲ್ ಕೈ ಒರೆಸಿಕೊಂಡು ಓಡಿ ಕುರಿ ಅಟ್ಟಿದಳು. ಬಂದದ್ದು ಗುರುತಿಲ್ಲದ ಒಂದು ಕೆಂಪು ವಿಮಾನ. ಒಂದು ಸುತ್ತು ಹಾಕಿ ಇಳಿಯಿತು. ನೆಲ ಮುಟ್ಟಿದ ಮೇಲೆ ನಿಲ್ಲಲೇ ಇಲ್ಲ! ಇಳಿಜಾರಿನಲ್ಲಿ ಓಡುತ್ತ ಓಡುತ್ತ ನೇರವಾಗಿ ಹೋಗಿ ಮುಳ್ಳಿನ ಬೇಲಿಗೆ ಮೂಗು ತೂರಿಸಿ ನಿಂತಿತು. ಪಂಖ ಮುರಿಯಿತು. ಒಳಗಿಂದ ಒಬ್ಬ ತೆಳ್ಳನೆಯ ಮನುಷ್ಯ ಮುಳ್ಳು ಬಿಡಿಸಿಕೊಳ್ಳುತ್ತ ಇಳಿದು, ನನ್ನ ಧೋತ್ರಗಳ ಕಡೆ ಕೈ ಮಾಡಿ ಕೂಗಾಡತೊಡಗಿದ. ಮಿಸೆಸ್ ಬೆಲ್ ಧೋತ್ರ ನೋಡಿದಳು, ನನ್ನ ಕಡೆ ನೋಡಿದಳು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಆಮೇಲೆ ತಿಳಿಯಿತು. ಆ ಎರಡು ಬಿಳಿ ಪಟ್ಟಿ ಯಾರೂ ಒಣಹಾಕಿದ್ದಲ್ಲ. ಯಾವ ಕಡೆಯಿಂದ ಯಾವ ಕಡೆಗೆ ಇಳಿಯಬೇಕೆಂದು ವಿಮಾನದವರಿಗೆ ತೋರಿಸುವ ಗುರುತು ಅದು. ಉದ್ದ ಪಟ್ಟಿಯ ಗುಂಟ, ಅಡ್ಡ ಪಟ್ಟಿಯ ಕಡೆಗೆ ಇಳಿಯಬೇಕು. ಗಾಳಿಯಿಲ್ಲದ ದಿನ ಈ ಬಯಲಲ್ಲಿ ಏರಿನ ಕಡೆಗೆ ಇಳಿದರೆ ವಿಮಾನ ತಾನಾಗಿ ನಿಲ್ಲುತ್ತದೆ. ಅಂದು ಕಂಬದ ಚೀಲ ಜೋತುಬಿದ್ದಿತ್ತು. ಹೊಸಬ ನನ್ನ ಧೋತ್ರವನ್ನೇ ನಂಬಿ ಇಳಿಜಾರಿಗೆ ಇಳಿದಿದ್ದ.

ನಾನು ಧೋತ್ರ ತೆಗೆಯಲು ಓಡುವಷ್ಟರಲ್ಲಿ ಇವರ ವಿಮಾನ ಮೇಲೆ ಬಂತು. ಒಂದು ಸುತ್ತು ಹಾಕಿತು. ಇನ್ನೊಂದು. ಮತ್ತೊಂದು ಸುತ್ತಿಗೆ ಬೇಲಿಯ ಮರಗಳನ್ನು ಸವರುವಷ್ಟು ಕೆಳಗೆ ಬಂತು, ಆದರೂ ಇಳಿಯಲಿಲ್ಲ. ನನ್ನ ಧೋತ್ರದಿಂದ ಇವರಿಗೂ ದಾರಿ ತಪ್ಪಿತೇ ಎಂದು ಗುರುವನ್ನು ನೆನೆಯುತ್ತ ನಿಂತೆ. ಕೊನೆಗೆ ಏರಿನ ಕಡೆಗೆ ಸರಿಯಾಗಿ ಇಳಿದರು. ಬೇಲಿಯಲ್ಲಿ ಸಿಕ್ಕ ವಿಮಾನದ ಕಡೆ ಹೋಗಲೇ ಇಲ್ಲ. ನೇರವಾಗಿ ಧೋತ್ರದ ಹತ್ತಿರ ಬಂದು ಹುಲ್ಲಿನ ಮೇಲೆ ಕುಳಿತು, ಅದರ ದಡಿಯನ್ನು ಬೆರಳಿನಿಂದ ಸವರಿದರು.

“ಅಡ್ಡ ಯಾಕ ಹಾಸಿದಿ ಇದನ್ನ?”

“ಅಲ್ಲೆ ಕುರಿ ಹಿಕ್ಕಿ ಇತ್ತರಿ.”

ಅವರು ನಕ್ಕರು. ನಾನು ಬಂದ ಮೇಲೆ ಮೊದಲ ಸಲ ನಕ್ಕರು. ನಗುತ್ತಲೇ ಮೂಲೆಯ ಒಂದು ಕಲ್ಲನ್ನು ಕೈಗೆತ್ತಿಕೊಂಡರು.

“ಮ್ಯಾಲಿಂದ ನೋಡಿದ್ರ ನಮ್ಮ ಕೆರಿ ದಂಡಿ ಕಂಡಂಗಾತು, ನೀಲಾ. ಅವ್ವ ಅಪ್ಪನ ಧೋತ್ರ ಹಿಂಗ ಹಾಸತಿದ್ಲು. ಮೂಲಿಗೆ ಕಲ್ಲು ಇಡತಿದ್ಲು. ಎಲ್ಲಿ ಇದ್ದೇನಿ ಅನ್ನೂದ ತಿಳೀಲಿಲ್ಲ ನನಗ. ಕೆಳಗ ಇಳದ್ರ ಅದು ಹೋಗಿಬಿಡತೈತಿ ಅಂತ ಸುತ್ತಾಕತ್ತಿದ್ದೆ.” ಆ ಕಲ್ಲನ್ನು ತಿರುಗಿ ಮೂಲೆಗಿಟ್ಟು, “ನಾ ಬರತೇನಿ. ಊರಿಗೆ ಹೋಗೂಣು” ಎಂದರು.

ಐದು ವರ್ಷ ಈ ಒಂದು ಮಾತಿಗೆ ಕಾದಿದ್ದೆ. ಕೇಳಿದ ಮೇಲೆ ಏನು ಮಾಡಬೇಕೆಂದು ತೋಚದೆ, ಒಣಗಿವೆಯೇ ಎಂದು ಧೋತ್ರ ಮುಟ್ಟಿ ನೋಡಿದೆ.

ತಿರುಗಿ ರೈಲಿನಲ್ಲಿ

ಮಿಸೆಸ್ ಬೆಲ್ಲಳಿಗೆ ಇವರೇ ಹೇಳಿದರು. ಆಕೆ ಬಟಾಟೆ ಸುಲಿಯುತ್ತಿದ್ದಳು. “ಆಗಲಿ” ಎಂದು ಸುಲಿಯುತ್ತಲೇ ಇದ್ದಳು. ಹೊರಡುವವರೆಗೆ ನಮ್ಮೊಡನೆ ಬೇಕಾದಷ್ಟೇ ಮಾತು, ಉಳಿದದ್ದೆಲ್ಲ ನಾಯಿಯೊಡನೆ. ಹೊರಡುವ ಮುಂಜಾನೆ ನಾನು ಕಾಲುಮುಟ್ಟಿ ನಮಸ್ಕರಿಸಬೇಕೆಂದು ಹೋದರೆ ಅಡುಗೆಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಇವರು ಎರಡು ಸಲ ಬಡಿದರು. ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಬಿಳಿಯ ಬಟ್ಟೆ ಮುಚ್ಚಿದ ಒಂದು ಬುಟ್ಟಿ ಇತ್ತು. ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡೆ.

ರೈಲು ಆ ಬಯಲಿನ ಅಂಚಿಗೇ ಹಾದುಹೋಗುತ್ತದೆ. ಇವರು ಕಿಟಕಿಯ ಹತ್ತಿರ ನಿಂತಿದ್ದರು. ಕೊಟ್ಟಿಗೆಯ ಬಾಗಿಲು ಮುಚ್ಚಿತ್ತು. ಕಂಬದ ಮೇಲೆ ಚೀಲ ಇರಲಿಲ್ಲ. ಹುಲ್ಲಿನ ಮೇಲೆ ಆ ಎರಡು ಬಿಳಿ ಪಟ್ಟಿಗಳನ್ನು ನಟ್ಟನಡುವೆ ಒಂದರ ಮೇಲೊಂದು ಅಡ್ಡ ಹಾಕಿತ್ತು. ಕುರಿಗಳು ಅದರ ಸುತ್ತ ಮೇಯುತ್ತಿದ್ದವು, ಅಟ್ಟುವವರಿಲ್ಲ.

“ಹಂಗ ಯಾಕ ಹಾಕ್ಯಾರ್ರಿ?” ಎಂದೆ.

“ಇಲ್ಲೆ ಯಾರೂ ಇಳೀಬ್ಯಾಡ್ರಿ ಅಂತ. ಬಯಲು ಮುಚ್ಚ್ಯಾರ.” ಅಷ್ಟು ಹೇಳಿ ಕಿಟಕಿಯ ಗಾಜಿಗೆ ಹಣೆ ಹಚ್ಚಿದರು. ಬಯಲು ಮರೆಯಾದ ಮೇಲೂ ತೆಗೆಯಲಿಲ್ಲ.

ನನ್ನ ಗಂಡನನ್ನು ನಾನು ಕರೆದುಕೊಂಡು ಹೊರಟಿದ್ದೆ. ಕುಣಿಯುವಷ್ಟು ಸಂತೋಷ ಆಗಬೇಕಿತ್ತು. ಮುಚ್ಚಿದ ಆ ಬಾಗಿಲೇ ಕಣ್ಣಿಗೆ ಕಟ್ಟಿತ್ತು. ಕಾಯುವುದೆಂದರೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಮುಂದಿನ ಸ್ಟೇಶನ್ನಿನಾಗ ಇಳೀರಿ, ಬೇಕಾದ್ರ. ಕಾಯೂದು ನನಗ ರೂಢಿ ಆಗೇತಿ. ಆಕಿ ವಯಸ್ಸಿಗೆ ಇನ್ನೊಮ್ಮೆ ಕಾಯೂದು ಆಗೂದಿಲ್ಲ.”

ಅಂದ ಮಾತನ್ನು ತಿರುಗಿ ನುಂಗುವ ಹಾಗಿರಲಿಲ್ಲ.

ಸ್ಟೇಶನ್ನು ಬಂತು. ಅವರು ಎದ್ದು ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟರು. ನಾನು ನೆಲ ನೋಡುತ್ತ ಕುಳಿತೆ. ಹೊರಗೆ ಯಾರೋ ಹತ್ತಿದರು, ಯಾರೋ ಇಳಿದರು, ಹಾಲಿನ ಕ್ಯಾನು ಉರುಳಿದ ಸದ್ದಾಯಿತು, ಸೀಟಿ ಊದಿತು. ಗಾಡಿ ಜಗ್ಗಿ ಹೊರಟಾಗ ತಲೆ ಎತ್ತಿದೆ. ಅವರು ಬಾಗಿಲು ಬಿಟ್ಟು ಬಂದು ನನ್ನ ಎದುರಿಗೆ ಕುಳಿತುಕೊಳ್ಳುತ್ತಿದ್ದರು.

“ಹಸಿವಾಗೇತಿ” ಎಂದರು. “ಆ ಬುಟ್ಟ್ಯಾಗ ಏನೈತಿ?”

ಬಟ್ಟೆ ಸರಿಸಿದೆ. ಬ್ರೆಡ್ಡು, ಬೆಣ್ಣೆ, ಹಣ್ಣಿನ ಮುರಬ್ಬ, ಸೀಸೆಯಲ್ಲಿ ಚಹಾ.

“ನಿಮ್ಮವ್ವ ಬುತ್ತಿ ಕಟ್ಟಿ ಕೊಟ್ಟಾಳ” ಎಂದೆ.

ಯಾವ ಅವ್ವ ಎಂದು ಅವರು ಕೇಳಲಿಲ್ಲ. ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು, ಕೈಯಲ್ಲಿ ಉಳಿದ ಬ್ರೆಡ್ಡು ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತರು. ನಾನು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅವರು ಅತ್ತು ಮುಗಿಸಲಿ ಎಂದು ಕಾಯುತ್ತ ಕುಳಿತೆ.